ಈಜಿನ ಪಂದ್ಯವನ್ನು ನೋಡುವ ಬಗೆ

ವಯನಾಡಿನ ಜನರ ಆಟೋಟದ ಹುಚ್ಚನ್ನು ಬಲ್ಲವರೇ ಬಲ್ಲರು. ವಿಶ್ವಕಪ್ ಫುಟ್ಬಾಲ್ ಬಂದಿತೆಂದರೆ ಕಲ್ಪೆಟ್ಟ, ಬತ್ತೇರಿ, ಮಾನಂದವಾಡಿಗಳ ಬೀದಿಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ ದೇಶಗಳ ಬಾವುಟಗಳು ಹಾರುತ್ತವೆ. 2019ರ ಜನವರಿಯಲ್ಲಿ ಕೇರಳ ತಂಡವು ಗುಜರಾತನ್ನು ಸೋಲಿಸಿ ಮೊಟ್ಟಮೊದಲು ರಣಜಿ ಸೆಮಿಫೈನಲ್ ತಲುಪಿದ್ದು ಈ ಜಿಲ್ಲೆಯ ಕೃಷ್ಣಗಿರಿ ಮೈದಾನದಲ್ಲಿಯೇ. ಮ್ಯಾರಥಾನ್ ಓಟಗಾರ ಟಿ. ಗೋಪಿ, ಕ್ರಿಕೆಟ್ ಆಟಗಾರ್ತಿ ಮಿನ್ನು ಮಣಿ ಇಬ್ಬರೂ ಇಲ್ಲಿಯವರು. ಇಷ್ಟಾದರೂ ಟೆಲಿವಿಷನ್ನಿನಲ್ಲಿ ಈಜಿನ ಪಂದ್ಯ ಬಂದಾಗ ಬಹಳ ಮಂದಿ ಎದ್ದು ಹೋಗುತ್ತಾರೆ. "ನಮ್ಮವರು ಯಾರೂ ಇಲ್ಲ, ನೀರು ಚಿಮ್ಮುವುದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ" ಎಂಬುದು ಅವರ ದೂರು.

ನಮ್ಮವರು ಇಲ್ಲ ಎಂಬ ಮಾತು ಸರಿಯಲ್ಲ. ವಯನಾಡಿನಲ್ಲಿ ಕನ್ನಡ ಆಡುವ ಮನೆಗಳು ಉಂಟು. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಕಡೆಗೆ ನೆಂಟಸ್ತಿಕೆಯೂ ವ್ಯಾಪಾರವೂ ಹಿಂದಿನಿಂದ ನಡೆದುಬಂದಿವೆ. ಇಲ್ಲಿ ಹುಟ್ಟಿದ ಕಬಿನಿಯೂ ಕರ್ನಾಟಕಕ್ಕೇ ಹರಿಯುತ್ತದೆ. ಹೀಗಾಗಿ ಗಡಿಯ ಅಭಿಮಾನಿಗೆ ಎರಡೂ ಕಡೆಯ ಈಜುಗಾರರ ಮೇಲೆ ಹಕ್ಕಿದೆ. ಕೇರಳದ ಸಾಜನ್ ಪ್ರಕಾಶ್ ನಮ್ಮಂತೆಯೇ ಬೆಟ್ಟದ ಸೀಮೆಯಾದ ಇಡುಕ್ಕಿಯಲ್ಲಿ ಹುಟ್ಟಿದವರು. ನೈವೇಲಿಯಲ್ಲಿ ಬೆಳೆದು, ಬೆಂಗಳೂರಿನಲ್ಲಿಯೂ ತರಬೇತಿ ಪಡೆದವರು. ಇವರ ತಾಯಿ ಶಾಂತಿಮೋಳ್ ಹೆಸರಾದ ಓಟಗಾರ್ತಿ. 2015ರಲ್ಲಿ ಕೇರಳದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸಾಜನ್ 6 ಚಿನ್ನ ಗೆದ್ದರು. ಶ್ರೀಹರಿ ನಟರಾಜ್ ಅಂತೂ ಬೆಂಗಳೂರಿನವರೇ.

ಇನ್ನು ಏನೂ ಕಾಣುವುದಿಲ್ಲ ಎಂಬ ದೂರು. ಫುಟ್ಬಾಲಿನಲ್ಲಿ ನಾವು ಚೆಂಡನ್ನು ನೋಡುತ್ತೇವೆ. ಈಜಿನಲ್ಲಿ ನೋಡಬೇಕಾದದ್ದು ಗಡಿಯಾರವನ್ನು. ಈ ಒಂದು ಮಾತು ತಿಳಿದರೆ ಮಿಕ್ಕದ್ದು ತಾನಾಗಿ ಹಿಡಿತಕ್ಕೆ ಬರುತ್ತದೆ.

2021ರ ಜೂನ್ ತಿಂಗಳಲ್ಲಿ ರೋಮ್ ನಗರದಲ್ಲಿ ನಡೆದುದನ್ನು ನೋಡೋಣ. ಒಲಿಂಪಿಕ್ಸ್ ಸೇರಲು ಪ್ರತಿಯೊಂದು ಪಂದ್ಯಕ್ಕೂ ಒಂದು ಕಾಲಮಿತಿಯನ್ನು ಗೊತ್ತುಮಾಡಿರುತ್ತಾರೆ. ಅದಕ್ಕೆ 'ಎ' ಅರ್ಹತಾಮಟ್ಟವೆಂದು ಹೆಸರು. ಅದನ್ನು ಮುಟ್ಟಿದವನಿಗೆ ನೇರ ಪ್ರವೇಶ. ಮುಟ್ಟದವರು ಆಹ್ವಾನಕ್ಕಾಗಿ ಕಾದು ಕೂರಬೇಕು. ಅದುವರೆಗೆ ಭಾರತದ ಯಾವ ಈಜುಗಾರನೂ ಆ ಮಟ್ಟವನ್ನು ಮುಟ್ಟಿರಲಿಲ್ಲ. 200 ಮೀಟರ್ ಬಟರ್‌ಫ್ಲೈ ಈಜಿಗೆ ಗೊತ್ತಾಗಿದ್ದ ಕಾಲ 1 ನಿಮಿಷ 56.48 ಸೆಕೆಂಡು. ಜೂನ್ 26ರಂದು ಸಾಜನ್ ಅದನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಈಜಿದರು. ಮಾರನೆಯ ದಿನವೇ ಗಡುವಿನ ಕೊನೆಯ ದಿನ. ಅಂದು ಶ್ರೀಹರಿ ಕೇವಲ ಕಾಲಪರೀಕ್ಷೆಗೆಂದು ನೀರಿಗಿಳಿದು 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಬೇಕಾಗಿದ್ದುದು 53.85. ಅಂತರರಾಷ್ಟ್ರೀಯ ಸಂಸ್ಥೆ ಈ ಕಾಲವನ್ನು ಒಪ್ಪಿಕೊಳ್ಳುವವರೆಗೆ ಅಭಿಮಾನಿಗಳು ಕೆಲವು ದಿನ ಉಸಿರು ಬಿಗಿಹಿಡಿದಿರಬೇಕಾಯಿತು.

ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಎಷ್ಟು? ಲೆಕ್ಕ ಮಾಡಿ ನೋಡಿ. ಸಾಜನ್ ಈಜಿದ ವೇಗಕ್ಕೆ ಅದು ಸುಮಾರು 17 ಸೆಂಟಿಮೀಟರ್. ಶ್ರೀಹರಿ ಉಳಿಸಿಕೊಂಡದ್ದು ಸುಮಾರು 15 ಸೆಂಟಿಮೀಟರ್. ಎರಡೂ ಒಂದು ಗೇಣಿಗಿಂತ ಕಡಿಮೆಯೇ. ವರ್ಷಾನುಗಟ್ಟಲೆ ಬೆಳಗಿನ ಚಳಿಯಲ್ಲಿ ಮಾಡಿದ ಸಾಧನೆಯ ಫಲ ಒಂದು ಗೇಣಿನೊಳಗೆ ನಿರ್ಧಾರವಾಯಿತು.

ಕಾಲವನ್ನು ಇನ್ನೂ ಸಣ್ಣದಾಗಿ ಸೀಳಬಾರದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಮ್ಮೆ ಸೀಳಿದ್ದೂ ಉಂಟು. 1972ರ ಮ್ಯೂನಿಕ್ ಒಲಿಂಪಿಕ್ಸಿನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರಿಗೂ 4 ನಿಮಿಷ 31.98 ಸೆಕೆಂಡು ಹಿಡಿಯಿತು. ಸಾವಿರದ ಲೆಕ್ಕ ತೆಗೆದಾಗ ಲಾರ್ಸನ್ 2 ಭಾಗ ಮುಂದಿದ್ದರು, ಚಿನ್ನ ಅವರದಾಯಿತು. ದೂರದಲ್ಲಿ ಅದು ಬರಿಯ 3 ಮಿಲಿಮೀಟರ್. ಆದರೆ ಕೊಳ ಕಟ್ಟುವಾಗ ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರಬಹುದಷ್ಟೆ! ಆಮೇಲೆ ನೂರನೇ ಭಾಗಕ್ಕೇ ನಿಲ್ಲಿಸಿ, ಸರಿಸಮ ಬಂದರೆ ಪದಕ ಹಂಚುವುದೆಂದು ಮಾಡಿದರು. 2016ರ ರಿಯೋ ಒಲಿಂಪಿಕ್ಸಿನ 100 ಮೀಟರ್ ಬಟರ್‌ಫ್ಲೈಯಲ್ಲಿ ಫೆಲ್ಪ್ಸ್, ಲೆ ಕ್ಲೋಸ್, ಚೆಹ್ ಎಂಬ ಮೂವರಿಗೂ 51.14 ಸೆಕೆಂಡು, ಮೂವರೂ ಬೆಳ್ಳಿ ಪದಕ ತೊಟ್ಟರು. ಚಿನ್ನ ಗೆದ್ದವರು ಪುಟ್ಟ ಸಿಂಗಪುರದ ಜೋಸೆಫ್ ಸ್ಕೂಲಿಂಗ್.

ಹೊಸಬರನ್ನು ತಬ್ಬಿಬ್ಬು ಮಾಡುವ ಇನ್ನೊಂದು ಸಂಗತಿ ಹೀಟ್ಸ್, ಅಂದರೆ ಪ್ರಾಥಮಿಕ ಸುತ್ತು. ಇದರಲ್ಲಿ ಈಜುಗಾರರನ್ನು ಅವರವರ ಹಿಂದಿನ ಕಾಲದ ಪ್ರಕಾರ ಗುಂಪುಗಳಾಗಿ ಹಂಚುತ್ತಾರೆ. ನಿಧಾನದವರ ಗುಂಪು ಮೊದಲು, ಅತಿ ವೇಗದವರು ಕೊನೆಯ ಗುಂಪುಗಳಲ್ಲಿ. ಒಂದೊಂದು ಗುಂಪಿನಲ್ಲಿಯೂ ವೇಗದವರಿಗೆ ನಡುವಿನ 4 ಮತ್ತು 5ನೇ ಲೇನುಗಳು. ಎಲ್ಲ ಗುಂಪುಗಳ ಕಾಲವನ್ನೂ ಒಟ್ಟಿಗಿಟ್ಟು ಮೊದಲ 16 ಮಂದಿಯನ್ನು ಸೆಮಿಫೈನಲಿಗೆ ಆರಿಸುತ್ತಾರೆ. 400 ಮೀಟರ್ ಮತ್ತು ಅದಕ್ಕೂ ದೂರದ ಪಂದ್ಯಗಳಲ್ಲಿ ಸೆಮಿಫೈನಲಿಲ್ಲದೆ ನೇರವಾಗಿ 8 ಮಂದಿ.

ಆದ್ದರಿಂದಲೇ ಗುಂಪಿನಲ್ಲಿ ಮೊದಲು ಬಂದವರೂ ಹೊರಬೀಳಬಹುದು. 2024ರ ಜುಲೈ 28ರಂದು ಪ್ಯಾರಿಸಿನಲ್ಲಿ ಹೀಗೇ ಆಯಿತು. ಬೆಂಗಳೂರಿನ 14 ವರ್ಷದ ಬಾಲಕಿ ಧಿನಿಧಿ ದೇಸಿಂಗು (ನಿಮ್ಮದೇ ವಯಸ್ಸು, ಗಮನಿಸಿ) 200 ಮೀಟರ್ ಫ್ರೀಸ್ಟೈಲಿನ ಮೊದಲನೆಯ ಗುಂಪಿನಲ್ಲಿ 2 ನಿಮಿಷ 6.96 ಸೆಕೆಂಡಿಗೆ ಪ್ರಥಮಳಾಗಿ ಬಂದಳು. ಒಟ್ಟಾರೆ ಸ್ಥಾನ 23. ಶ್ರೀಹರಿಯೂ ಅಂದೇ ತಮ್ಮ ಗುಂಪಿನಲ್ಲಿ 55.01 ಸೆಕೆಂಡಿಗೆ ಈಜಿ ಮುಗಿಸಿದರು, ಒಟ್ಟಾರೆ 33ನೆಯವರು. ಗೆದ್ದರೆಂದು ಕುಣಿದವರು ಮರುಗಳಿಗೆಯಲ್ಲಿ ಸೋತರೆಂದು ಕೇಳಿ ಬೆಪ್ಪಾದರು. ಎರಡು ದಿನ ಕಳೆದು ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲ ಊರುಗಳ ಮೇಲೆ ಬೆಟ್ಟ ಕುಸಿದು ಬಿದ್ದಿತು. ಆಮೇಲೆ ವಯನಾಡಿನಲ್ಲಿ ಪ್ಯಾರಿಸಿನ ಸುದ್ದಿ ಯಾರಿಗೆ ಬೇಕಾಗಿತ್ತು?

ಪದಕ ಬಾರದಿದ್ದರೆ ಪತ್ರಿಕೆಗಳು 'ನಿರಾಸೆ' ಎಂದು ಒಂದೇ ಪದದಲ್ಲಿ ಮುಗಿಸುವುದುಂಟು. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಟೋಕಿಯೋದಲ್ಲಿ ಸಾಜನ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 57.22 ಸೆಕೆಂಡಿನಲ್ಲಿ ಈಜಿ 24ನೆಯವರಾದರು. ಚಿನ್ನ ಗೆದ್ದ ಹಂಗೇರಿಯ ಕ್ರಿಸ್ಟೋಫ್ ಮಿಲಾಕ್ ಫೈನಲಿನಲ್ಲಿ ತೆಗೆದುಕೊಂಡದ್ದು 1 ನಿಮಿಷ 51.25. ಆ ಅಂತರ ದೊಡ್ಡದೇ, ಸುಮಾರು 10 ಮೀಟರ್, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇನ್ನೊಂದು ಅಳತೆಯೂ ಉಂಟು. ಇದೇ ಪಂದ್ಯದಲ್ಲಿ 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದಿದ್ದರು. ಅದಾಗಿ 32 ವರ್ಷಗಳ ಮೇಲೆ, 2018ರಲ್ಲಿ, ಸಾಜನ್ ಜಕಾರ್ತದ ಫೈನಲಿನಲ್ಲಿ ಈಜಿ 5ನೆಯವರಾದರು. ಅಂದಿನ ಕಾಲ 1 ನಿಮಿಷ 57.75. ಮುಂದೆ ಕತ್ತಿನ ಬೇನೆಯಿಂದ ನರಳಿ, ಕೊರೋನಾ ಕಾಲದಲ್ಲಿ ಕೊಳಗಳೆಲ್ಲ ಮುಚ್ಚಿದ್ದನ್ನೂ ಸಹಿಸಿ ರೋಮಿಗೆ ಹೋದಾಗ 1 ನಿಮಿಷ 56.38.

ಈ ಅಂಕಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭಿಮಾನಿಗೆ ಪಂದ್ಯ ಬೇರೆಯೇ ಆಗಿ ಕಾಣುತ್ತದೆ. ಎಡಗಡೆ ಈಜುಗಾರನ ಹಿಂದಿನ ಉತ್ತಮ ಕಾಲ, ಬಲಗಡೆ ಇಂದಿನದು. 50 ಮೀಟರಿಗೊಮ್ಮೆ ಗೋಡೆ ಮುಟ್ಟಿದಾಗ ಪರದೆಯ ಮೇಲೆ ಬರುವ ಕಾಲವನ್ನೂ ಗುರುತು ಹಾಕಿಕೊಂಡರೆ ಎಲ್ಲಿ ಹಿಂದೆ ಬಿದ್ದನೆಂಬುದು ತಿಳಿಯುತ್ತದೆ. ಬಟರ್‌ಫ್ಲೈಯಲ್ಲಿ ಕಡೆಯ 50 ಮೀಟರು ತೋಳು ಎತ್ತಲಾಗದಂಥ ಕಷ್ಟದ್ದು. ಬಹಳ ಮಂದಿ ಕಳೆದುಕೊಳ್ಳುವುದು ಅಲ್ಲಿಯೇ.