ಚಿಂತಾಮಣಿಯ ಸಂಖ್ಯೆಗೆ ಹತ್ತು ಜೋಡಿ

ಚಿಂತಾಮಣಿಯ ವಿಳಾಸದ ಕೊನೆಗೆ 563125 ಎಂದು ಬರೆಯುವವರು ಸಾಮಾನ್ಯವಾಗಿ ಅದನ್ನು ಸಂಖ್ಯೆ ಎಂದು ನೋಡುವುದಿಲ್ಲ. 1972ರ ಆಗಸ್ಟ್ 15ರಂದು ದೇಶದಲ್ಲಿ ಜಾರಿಗೆ ಬಂದ ಪಿನ್‌ಕೋಡ್ ಇರುವುದು ಕಾಗದ ವಿಂಗಡಿಸಲಿಕ್ಕೆ. ಆದರೆ ಅದನ್ನೇ ಐದು ಲಕ್ಷದ ಅರವತ್ತಮೂರು ಸಾವಿರದ ನೂರಾ ಇಪ್ಪತ್ತೈದು ಎಂದು ಓದಿದರೆ ಬೇರೊಂದು ಕಥೆ ತೆರೆದುಕೊಳ್ಳುತ್ತದೆ.

750ರ ವರ್ಗಕ್ಕೆ 25ರ ವರ್ಗ ಕೂಡಿಸಿ: 563125. 650 ಮತ್ತು 375ರ ವರ್ಗಗಳನ್ನು ಕೂಡಿಸಿದರೂ ಅದೇ. 727 ಮತ್ತು 186 ತೆಗೆದುಕೊಂಡರೂ ಅದೇ! ಇಂಥ ಜೋಡಿಗಳು ಒಟ್ಟು ಹತ್ತು.

ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರದ 562101ಕ್ಕೆ ಇಂಥ ಒಂದು ಜೋಡಿಯೂ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ ಎಂದು ಹೈಸ್ಕೂಲಿನ ಗಣಿತದಲ್ಲೇ ಸಾಧಿಸಬಹುದು. ಯಾವುದೇ ಸಂಖ್ಯೆಯ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1, ಎಂದೂ 2 ಅಲ್ಲ. ಹಾಗಾಗಿ ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡರ ಶೇಷವೂ 0 ಆಗಿರಲೇಬೇಕು. ಆಗ ಎರಡು ವರ್ಗಗಳೂ 9ರಿಂದ ಭಾಗವಾಗುತ್ತವೆ, ಮೊತ್ತವೂ ಆಗುತ್ತದೆ. 562101ರ ಅಂಕಿಗಳನ್ನು ಕೂಡಿದರೆ 15. ಅಂದರೆ ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು. ಗೌರಿಬಿದನೂರಿನ 561208ಕ್ಕೂ ಜೋಡಿ ಇಲ್ಲ. ಶಿಡ್ಲಘಟ್ಟದ 562105ಕ್ಕೆ ಆರು ಇವೆ. 748 ಮತ್ತು 51 ಅವುಗಳಲ್ಲೊಂದು.

ಈ ವ್ಯತ್ಯಾಸ ಹುಟ್ಟುವುದು ಅಪವರ್ತನಗಳಲ್ಲಿ. ಚಿಂತಾಮಣಿಯ ಸಂಖ್ಯೆಯನ್ನು ಬಿಡಿಸಿದರೆ 5 ನಾಲ್ಕು ಸಲ, 17 ಮತ್ತು 53 ಒಂದೊಂದು ಸಲ ಸಿಗುತ್ತವೆ. ಮೂರೂ ಅವಿಭಾಜ್ಯಗಳು, ಮೂರನ್ನೂ 4ರಿಂದ ಭಾಗಿಸಿದರೆ ಶೇಷ 1. ಇಂಥ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ: 5ಕ್ಕೆ 2 ಮತ್ತು 1, 17ಕ್ಕೆ 4 ಮತ್ತು 1, 53ಕ್ಕೆ 7 ಮತ್ತು 2. ಹದಿನೇಳನೇ ಶತಮಾನದಲ್ಲಿ ಫರ್ಮಾ ಹೇಳಿದ ಈ ಮಾತನ್ನು ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ಇಂಥ ಎರಡು ಮೊತ್ತಗಳನ್ನು ಗುಣಿಸಿದರೂ ಎರಡು ವರ್ಗಗಳ ಮೊತ್ತವೇ ಬರುತ್ತದೆ, ಅದೂ ಹಲವು ಬಾರಿ ಎರಡೆರಡು ಬಗೆಯಲ್ಲಿ. ಏಳನೇ ಶತಮಾನದ ಬ್ರಹ್ಮಗುಪ್ತನಿಗೇ ಇದು ಗೊತ್ತಿತ್ತು. 17 ಮತ್ತು 53ರ ಗುಣಲಬ್ಧ 901ಕ್ಕೆ ಆಗಲೇ ಎರಡು ಜೋಡಿ ಉಂಟು: 30 ಮತ್ತು 1, 26 ಮತ್ತು 15. ಇದಕ್ಕೆ ನಾಲ್ಕು ಐದುಗಳು ಸೇರಿದಾಗ ಜೋಡಿಗಳು ಹತ್ತಕ್ಕೇರುತ್ತವೆ.

ಈ ಗುಣದ ಜೊತೆ ಕರ್ನಾಟಕಕ್ಕೆ ಹಳೆಯ ನಂಟಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ, ಕರ್ಣ 65 ಇರುವ ನಾಲ್ಕು ಬೇರೆ ಬೇರೆ ಆಯತಗಳು ಸಿಗುತ್ತವೆ. ಅವುಗಳ ಬಾಹುಗಳು 16 ಮತ್ತು 63, 25 ಮತ್ತು 60, 33 ಮತ್ತು 56, 39 ಮತ್ತು 52. ಪ್ರತಿ ಜೋಡಿಯ ವರ್ಗಗಳನ್ನು ಕೂಡಿದರೂ 4225, ಅಂದರೆ 65ರ ವರ್ಗ. 65 ಎಂದರೆ 5 ಗುಣಿಸು 13. ಇವೂ ಅದೇ ಜಾತಿಯ ಅವಿಭಾಜ್ಯಗಳು. ಇಂಥ ಲೆಕ್ಕ ಮಾಡಿದ ನೆಲದ ಮಕ್ಕಳಿಗೆ ತಮ್ಮ ಊರಿನ ಪಿನ್‌ಕೋಡೇ ಒಳ್ಳೆಯ ಅಭ್ಯಾಸದ ಲೆಕ್ಕವಾಗಬಲ್ಲದು.

ಗುಡಿಬಂಡೆಯ 561209 ಇಲ್ಲಿ ಉಳಿದುಕೊಂಡಿದೆ. ಅದಕ್ಕೆ ಜೋಡಿ ಇದೆಯೇ ಎಂದು ಓದುಗರೇ ಪರೀಕ್ಷಿಸಬೇಕು. ಮೊದಲು 11ರಿಂದ ಭಾಗಿಸಿ ನೋಡಿ.