ಜೇಡಕ್ಕಿಂತ ಏಡಿಯೇ ಹತ್ತಿರದ ನೆಂಟ

ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಯ ಏಡಿ, ಜಗಳೂರಿನ ಮೆಕ್ಕೆಜೋಳದ ಹೊಲದ ಮಿಡತೆ, ಚನ್ನಗಿರಿಯ ಅಡಿಕೆ ತೋಟದ ಜೇಡ ಮೂರೂ ಸಂಧಿಪದಿಗಳು. ಕೈಟಿನ್‌ನ ಹೊರಕವಚ, ಕೀಲುಗಾಲು, ಬೆಳೆಯುವಾಗ ಪೊರೆ ಕಳಚುವ ಗುಣ ಇವಕ್ಕೆಲ್ಲ ಒಂದೇ ಪೂರ್ವಜರಿಂದ ಬಂದ ಆಸ್ತಿ.

ಆದರೆ ಎಲ್ಲ ಹೋಲಿಕೆಯೂ ಪಿತ್ರಾರ್ಜಿತವಲ್ಲ. ವಂಶದ ಲೆಕ್ಕದಲ್ಲಿ ಮಿಡತೆಗೆ ಜೇಡಕ್ಕಿಂತ ಏಡಿಯೇ ಹತ್ತಿರ. ಆ ಏಡಿ ಉಸಿರಾಡುವುದು ಕಿವಿರಿನಿಂದ. ಮಿಡತೆಯ ಮೈಯೊಳಗೆ ಗಾಳಿ ಸಾಗಿಸುವ ಸಣ್ಣ ಕೊಳವೆಗಳಿವೆ. ದೂರದ ಸಂಬಂಧಿಯಾದ ಜೇಡಗಳಲ್ಲಿ ಅನೇಕಕ್ಕೂ ಅಂಥವೇ ಇವೆ. ನೆಲದ ಬದುಕಿಗೆ ಒಗ್ಗುತ್ತಾ ಎರಡೂ ಕುಲಗಳು ಅವನ್ನು ಬೇರೆಬೇರೆಯಾಗಿ ಪಡೆದವು. ಇದೇ ಒಮ್ಮುಖ ವಿಕಾಸ.

ಇದಕ್ಕೆ ಇನ್ನೂ ಸೊಗಸಾದ ಸಾಕ್ಷಿ ನೂಲು. ರೇಷ್ಮೆಹುಳು ಬಾಯಿಯ ಕೆಳಗಿಂದ ಎಳೆ ಬಿಡುತ್ತದೆ, ಜೇಡ ಹೊಟ್ಟೆಯ ತುದಿಯಿಂದ. ಎಳೆಯ ಪ್ರೋಟೀನುಗಳೂ ಬೇರೆ.