ನಿಮಗಿದು ಗೊತ್ತೇ? ಇಂಡಕ್ಷನ್‌ನಲ್ಲಿ ಕಾಯುವುದು ಒಲೆಯಲ್ಲ, ಪಾತ್ರೆ

ಇಂಡಕ್ಷನ್ ಒಲೆಯಲ್ಲಿ ಬೆಂಕಿಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಸುಳಿ ಪ್ರವಾಹ ಎಬ್ಬಿಸುತ್ತದೆ. ತಳ ತಾನಾಗಿ ಕಾಯುತ್ತದೆ. ಗಾಜಿಗೆ ತಟ್ಟುವುದು ಪಾತ್ರೆಯಿಂದ ಇಳಿದ ಬಿಸಿ ಮಾತ್ರ.

ಇದನ್ನು ನಂಬಿಸಲು 1950ರ ದಶಕದಲ್ಲಿ ಅಮೆರಿಕದ ಫ್ರಿಜಿಡೇರ್ ಕಂಪನಿ ಒಲೆಗೂ ಪಾತ್ರೆಗೂ ನಡುವೆ ವೃತ್ತಪತ್ರಿಕೆ ಹಾಸಿ ನೀರು ಕುದಿಸಿ ತೋರಿಸುತ್ತಿತ್ತು. ಮನೆಯಲ್ಲಿ ಆ ಸಾಹಸ ಬೇಡ. ನೀರಿನ ಪಾತ್ರೆ ಸರಿ, ಒಗ್ಗರಣೆಯ ಬಾಣಲೆಯ ಕಾವಿಗೆ ಕಾಗದ ಕರಕಲಾದೀತು.

ಈ ಒಲೆಗೆ ಆಯಸ್ಕಾಂತ ಅಂಟುವ ತಳ ಬೇಕು. ಸ್ಟೀಲ್ ಎಂದ ಮಾತ್ರಕ್ಕೆ ನಡೆಯುತ್ತದೆಯೇ? ಇಲ್ಲ. ಒಳ್ಳೆಯದೆಂದು ದುಡ್ಡು ಹೆಚ್ಚು ಕೊಟ್ಟು ತರುವ 304 ದರ್ಜೆಯ ಸ್ಟೀಲಿನಲ್ಲಿ ಶೇ 8ರಷ್ಟು ನಿಕಲ್ ಇರುತ್ತದೆ. ಅದರ ದೆಸೆಯಿಂದ ಆ ಸ್ಟೀಲ್ ಆಯಸ್ಕಾಂತಕ್ಕೆ ಅಂಟುವುದೇ ಇಲ್ಲ. ನಿಕಲ್ ಇಲ್ಲದ, ಅಗ್ಗದ 430 ದರ್ಜೆಯದು ಗಟ್ಟಿಯಾಗಿ ಅಂಟುತ್ತದೆ. ಟ್ರೈಪ್ಲೈ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಒಳಮೈ 304, ಹೊರಮೈ 430, ನಡುವೆ ಅಲ್ಯೂಮಿನಿಯಂ. ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಒಂದನ್ನು ಜೇಬಿಗಿಳಿಸಿ. ಪಾತ್ರೆಯ ಪಕ್ಕಕ್ಕಲ್ಲ, ತಳಕ್ಕೆ ಹಿಡಿದು ನೋಡಿ.

ಅಲ್ಯೂಮಿನಿಯಂ ತಪ್ಪಲೆಯನ್ನು ಕಂಡರೆ ಒಲೆ ಬೀಪ್ ಎಂದು ಮುಷ್ಕರ ಹೂಡುತ್ತದೆ. ಆದರೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಕಾದು, ಕರಗಿ ಗಾಜಿಗೆ ಹಿಡಿಯಬಲ್ಲದು! ಹಾಳೆ ಅಷ್ಟು ತೆಳ್ಳಗಿರುವುದರಿಂದ ಅದರ ವಿದ್ಯುತ್ ರೋಧ ಹೆಚ್ಚು. ಕಾಯುವುದಕ್ಕೆ ಅದೇ ಸಾಕು.

ಬೀಡಿನ ಕಾವಲಿ ಇಂಡಕ್ಷನ್‌ಗೆ ಹೇಳಿ ಮಾಡಿಸಿದಂಥದ್ದು. ಹಾಗಿದ್ದೂ ದೋಸೆ ನಡುವೆ ಸೀದು, ಅಂಚಿನಲ್ಲಿ ಹಸಿಯಾಗಿ ಉಳಿಯುವುದೇಕೆ? ಒಳಗಿನ ಸುರುಳಿ ಕಾವಲಿಗಿಂತ ಚಿಕ್ಕದು. ಶಾಖ ಹರಡುವುದರಲ್ಲಿ ಬೀಡು ಅಲ್ಯೂಮಿನಿಯಂಗಿಂತ ನಾಲ್ಕೈದು ಪಟ್ಟು ನಿಧಾನಿ. 2000 ವ್ಯಾಟ್‌ಗೆ ಏರಿಸಿದರೆ ಕಾವಲಿ ಬಿರುಕು ಬಿಡಲೂಬಹುದು. ಕಡಿಮೆ ಉರಿಯಲ್ಲಿ ಏಳೆಂಟು ನಿಮಿಷ ಕಾಯಲು ಬಿಟ್ಟು ಆಮೇಲೆ ಹಿಟ್ಟು ಹುಯ್ಯಿರಿ. (ಉರಿಯಿಲ್ಲದ ಒಲೆಗೂ ನಾವು ‘ಉರಿ’ ಎನ್ನುವುದನ್ನು ಬಿಡುವುದಿಲ್ಲ!) ಕಾವಲಿಯನ್ನು ಎತ್ತಿಡಿ, ಎಳೆಯಬೇಡಿ. ಗಾಜಿಗೆ ಗೀರು ಬೀಳುತ್ತದೆ.

ಆ ಗಾಜೂ ಮಾಮೂಲಿಯದಲ್ಲ, ಗ್ಲಾಸ್ ಸೆರಾಮಿಕ್. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆ ಇಟ್ಟಿದ್ದ ಕುಲುಮೆ ಕೆಟ್ಟು 900 ಡಿಗ್ರಿಗೆ ಏರಿತು. ಒಳಗಿದ್ದ ಗಾಜು ಕರಗಿರಲಿಲ್ಲ. ಹೊರತೆಗೆಯುವಾಗ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅದು ಹುಟ್ಟಿದ್ದು ಹೀಗೆ.

ಕಲ್ಚಟ್ಟಿ, ಮಡಕೆ, ಹಿತ್ತಾಳೆ ಪಾತ್ರೆಗಳಿಗೆ ಇಂಡಕ್ಷನ್ ಆಗದು, ಇನ್‌ಫ್ರಾರೆಡ್ ಒಲೆ ಆದೀತು. ಅದರ ಮೇಲೂ ತಳ ಚಪ್ಪಟೆಯಿರಲಿ. ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಕಾಯಿಸಬೇಡಿ. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ.

2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಸಿಕ್ಕಿಸುವ 6 ಆಂಪಿಯರ್ ಸಾಕೆಟ್ ಸುಟ್ಟೀತು. 16 ಆಂಪಿಯರ್‌ನದೇ ಇರಲಿ.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಉರಿಯುತ್ತಿರುವ ಇಂಡಕ್ಷನ್‌ನಿಂದ ಎರಡು ಅಡಿ ದೂರವಿರಬೇಕು. ಒಗ್ಗರಣೆ ಬೇರೆಯವರು ಹಾಕಲಿ.

ಅಡುಗೆ ಮುಗಿದ ಮೇಲೂ ಒಳಗೆ ಫ್ಯಾನ್ ಗುಂಯ್ ಎನ್ನುತ್ತಿರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಭಾಗಗಳನ್ನು ತಣಿಸುತ್ತಿರುವುದು ಅದೇ. ಕರೆಂಟ್ ಉಳಿಸಲೆಂದು ತಕ್ಷಣ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.